ಜರ್ನಲ್ ತೆಗೆದ ಇಎಕ್ಸ್‌ಟಿ4 ಪಾರ್ಟಿಷನ್‌ನ ಮರುಸ್ಥಾಪನೆ: ಈವರೆಗಿನ ಪ್ರಗತಿ

ಪ್ರಯೋಗಕ್ಕೆಂದೇ ಇಟ್ಟುಕೊಂಡಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್‌ನ ರೂಟ್ (ಮುಖ್ಯ) ಪಾರ್ಟಿಷನ್‌ನಲ್ಲಿರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಿಂದ ಜರ್ನಲನ್ನು, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆಯನ್ನು, ತೆಗೆದರೆ ಡಿಸ್ಕ್‌ಗೆ ಬರೆಯುವ ವೇಗ ಎಷ್ಟು ಹೆಚ್ಚೀತು ಎಂದು ನೋಡುವುದು ಈ ಯೋಜನೆಯ ಉದ್ದೇಶವಾಗಿತ್ತು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಫೈಲ್‌ಸಿಸ್ಟಮ್‌ನ ಸೆಟ್ಟಿಂಗ್ ಬದಲಿಸುವ ಟ್ಯೂನ್2ಎಫ್‌ಎಸ್ ಮೂಲಕ ಜರ್ನಲ್ ಕಳಚಿದ ಮೇಲೆ ಯಂತ್ರ ಕೆಲಕಾಲ ಸರಾಗವಾಗಿಯೇ ನಡೆಯಿತು. ಆದರೆ ಪ್ಯಾಕೇಜ್‌ಗಳ ಅಪ್‌ಗ್ರೇಡ್ ನಡೆಯುತ್ತಿದ್ದಾಗಲೇ ವಿದ್ಯುತ್ ಹೋಯಿತು. ಬ್ಯಾಟರಿ ಎಂದೋ ಸತ್ತಿದ್ದರಿಂದ ಯಂತ್ರವೂ ಆ ಕ್ಷಣವೇ ಆರಿತು. ಮತ್ತೆ ಬೂಟ್ ಮಾಡಿದಾಗ ತಾನಾಗಿ ನಡೆಯುವ ತಪಾಸಣೆಯು, ಫೈಲ್‌ಸಿಸ್ಟಮ್ ತಪಾಸಣೆಯ ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಬೇಕೆಂಬ ಸಂದೇಶ ತೋರಿಸಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ನಡೆಯುವ ಪುಟ್ಟ ವ್ಯವಸ್ಥೆ) ಪ್ರಾಂಪ್ಟ್‌ನಲ್ಲಿ ನಿಂತಿತು.

ಒಂದು ಹೊಸ ಫೈಲ್ ಹುಟ್ಟುವಾಗ ಐನೋಡ್ (ಫೈಲ್‌ನ ವಿವರಗಳ ದಾಖಲೆ), ಬ್ಲಾಕ್ ಬಿಟ್‌ಮ್ಯಾಪ್ (ಯಾವ ಬ್ಲಾಕ್ ಬಳಕೆಯಲ್ಲಿದೆ ಎಂಬ ನಕ್ಷೆ), ಡೈರೆಕ್ಟರಿಯ ನಮೂದು ಹೀಗೆ ಡಿಸ್ಕ್‌ನ ಬೇರೆ ಬೇರೆ ಜಾಗಗಳಲ್ಲಿ ಬದಲಾವಣೆಯಾಗಬೇಕಾಗುತ್ತದೆ. ಜರ್ನಲ್ ಇದ್ದರೆ ಇವೆಲ್ಲವೂ ಒಂದೇ ವ್ಯವಹಾರವಾಗಿ ಮೊದಲು ಅಲ್ಲಿ ದಾಖಲಾಗುವುದರಿಂದ, ನಡುವೆ ವಿದ್ಯುತ್ ಹೋದರೂ ಮುಂದಿನ ಮೌಂಟ್‌ನಲ್ಲಿ ಅವು ಪೂರ್ಣವಾಗಿ ಜಾರಿಯಾಗುತ್ತವೆ, ಇಲ್ಲವೇ ಪೂರ್ಣವಾಗಿ ಕೈಬಿಟ್ಟುಹೋಗುತ್ತವೆ. ಅದಿಲ್ಲದ ಕಡೆ ಅರ್ಧ ಬರೆದದ್ದು ಅರ್ಧವಾಗಿಯೇ ಉಳಿಯುತ್ತದೆ.

ದುರಸ್ತಿಗೆ ಮುನ್ನ ಡಿಡಿರೆಸ್ಕ್ಯೂ ಎಂಬ ನಕಲು ಸಾಧನ ಬಳಸಿ ಇಡೀ ಪಾರ್ಟಿಷನ್‌ನ ಇಮೇಜನ್ನು (ಯಥಾವತ್ ಪ್ರತಿಯನ್ನು) ಹೊರಗಿನ ಡಿಸ್ಕ್‌ಗೆ ತೆಗೆದುಕೊಂಡೆ. ಎಷ್ಟೇ ಅವಸರವಿದ್ದರೂ ಈ ಹಂತವನ್ನು ಬಿಡಲಾಗದು, ಏಕೆಂದರೆ ಇ2ಎಫ್‌ಎಸ್‌ಸಿಕೆ (ಇಎಕ್ಸ್‌ಟಿ4ಕ್ಕೆ ಬಳಸುವ ಎಫ್‌ಎಸ್‌ಸಿಕೆ) ಫೈಲ್‌ಸಿಸ್ಟಮ್‌ನ ರಚನೆಯನ್ನು ಸುಸಂಗತಗೊಳಿಸುತ್ತದೆಯೇ ಹೊರತು ಫೈಲ್‌ಗಳ ಒಳಗಿರುವುದನ್ನು ಉಳಿಸಿಕೊಡುವ ಭರವಸೆ ನೀಡುವುದಿಲ್ಲ. ಇಮೇಜ್‌ನ ಮೇಲೆ ಮೊದಲು -ಎನ್ ಆಯ್ಕೆಯೊಂದಿಗೆ, ಅಂದರೆ ಏನನ್ನೂ ಬರೆಯದಂತೆ, ತಪಾಸಣೆ ನಡೆಸಿದಾಗ ದೋಷಗಳ ಪಟ್ಟಿ ಪರದೆಯ ತುಂಬ ಹರಿಯಿತು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಮೊದಲ ಹಂತದ ದೋಷ ಸರಿಯಾಗದೇ ಉಳಿಯುವುದರಿಂದ ಮುಂದಿನ ಹಂತಗಳಲ್ಲಿ ಅದರದೇ ಪರಿಣಾಮಗಳು ಹೊಸ ದೋಷಗಳಂತೆ ಕಾಣಿಸಿಕೊಳ್ಳುತ್ತವೆ.

ಬಳಿಕ ಇಮೇಜ್‌ನ ಮೇಲೆ ನಿಜವಾದ ದುರಸ್ತಿಯ ತಾಲೀಮು ನಡೆಸಿದೆ. ಇ2ಎಫ್‌ಎಸ್‌ಸಿಕೆಯ ಐದು ಹಂತಗಳಲ್ಲಿ ಹೆಚ್ಚು ತೊಡಕಾದದ್ದು ಮೊದಲನೆಯದೇ: ಒಂದೇ ಬ್ಲಾಕನ್ನು ಎರಡು ಐನೋಡ್‌ಗಳು ತಮ್ಮದೆಂದು ಹೇಳಿಕೊಳ್ಳುತ್ತಿದ್ದವು. ಇಂಥ ಕಡೆ ಒಪ್ಪಿಗೆ ಕೊಟ್ಟರೆ ಇ2ಎಫ್‌ಎಸ್‌ಸಿಕೆ ಆ ಬ್ಲಾಕ್‌ನ ಪ್ರತಿ ಮಾಡಿ ಒಂದೊಂದಕ್ಕೆ ಒಂದೊಂದನ್ನು ಕೊಡುತ್ತದೆ. ರಚನೆ ಸರಿಹೋಗುತ್ತದೆ, ಆದರೆ ಎರಡರಲ್ಲೂ ಒಂದೇ ವಿಷಯವಿರುವುದರಿಂದ ಒಂದು ಫೈಲ್ ಖಂಡಿತವಾಗಿ ಕೆಟ್ಟಿರುತ್ತದೆ. ಹೀಗೆ ಡಿಪಿಕೆಜಿಯ (ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕದ) ಒಂದು ಪಟ್ಟಿ ಫೈಲನ್ನು ತೆರೆದು ನೋಡಿದರೆ, ಮೊದಲರ್ಧದಲ್ಲಿ ಫೈಲ್‌ಗಳ ದಾರಿಗಳು ಸಾಲಾಗಿದ್ದು, ಒಂದು ಹೆಸರಿನ ನಟ್ಟನಡುವೆಯೇ ಸಿಸ್ಟಮ್ ಲಾಗ್‌ನ ಸಾಲುಗಳು ಶುರುವಾಗಿದ್ದವು. ಆ ಫೈಲ್‌ಗಳ ಹೆಸರುಗಳನ್ನು ಬರೆದಿಟ್ಟುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ತಾಲೀಮು ತೃಪ್ತಿಕರವಾಗಿ ಮುಗಿದ ನಂತರವೇ ಅಸಲಿ ಡಿಸ್ಕನ್ನು ಮುಟ್ಟಿದೆ. ಅಲ್ಲಿಯೂ -ಜೆಡ್ ಆಯ್ಕೆಯಿಂದ ಅನ್‌ಡು ಫೈಲ್ ಒಂದನ್ನು ಬೇರೆ ಡಿಸ್ಕ್‌ನಲ್ಲಿ ಬರೆಸಿಕೊಂಡೆ. ಇದಿದ್ದರೆ ಇ2ಅನ್‌ಡು ಮೂಲಕ ದುರಸ್ತಿಯನ್ನೇ ಹಿಂದಕ್ಕೆ ಪಡೆಯಬಹುದು. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸುವವರು ಕಡಿಮೆ ಎಂಬುದು ನನಗೆ ಅಚ್ಚರಿಯ ಸಂಗತಿ.

ಲಾಸ್ಟ್+ಫೌಂಡ್ ಡೈರೆಕ್ಟರಿಯಲ್ಲಿ ಹೆಸರಿಲ್ಲದ, ಐನೋಡ್ ಸಂಖ್ಯೆಯಷ್ಟೇ ಇರುವ ಫೈಲ್‌ಗಳು ಬಂದು ಸೇರಿದ್ದವು. ಫೈಲ್ ಎಂಬ ಆದೇಶ ಅವುಗಳ ಬಗೆಯನ್ನು ತಿಳಿಸಿತು. ಪ್ಯಾಕೇಜ್‌ಗಳ ಸ್ಥಿತಿಯನ್ನು ದಾಖಲಿಸುವ ಡಿಪಿಕೆಜಿಯ ಸ್ಟೇಟಸ್ ಫೈಲ್ ತನ್ನ ಜಾಗದಲ್ಲಿ ಇರಲಿಲ್ಲ. ಪಕ್ಕದಲ್ಲೇ ಇದ್ದ ಅದರ ಹಿಂದಿನ ಪ್ರತಿ ಸ್ಟೇಟಸ್-ಓಲ್ಡ್ ಅನ್ನು ಅದರ ಜಾಗಕ್ಕೆ ಪ್ರತಿ ಮಾಡಿ, ಡೆವ್, ಪ್ರೊಕ್, ಸಿಸ್ ಡೈರೆಕ್ಟರಿಗಳನ್ನು ಬೈಂಡ್ ಮೌಂಟ್ ಮಾಡಿ, ಸಿಎಚ್‌ರೂಟ್ ಮೂಲಕ ಲೈವ್ ಯುಎಸ್‌ಬಿಯಿಂದಲೇ ಆ ಡೆಬಿಯನ್‌ನ ಒಳಗೆ ಹೋಗಿ ಅರ್ಧಕ್ಕೆ ನಿಂತ ಕಾನ್ಫಿಗರೇಷನ್ ಮುಗಿಸಿದೆ. ಡಿಪಿಕೆಜಿಯ ವೆರಿಫೈ ಆಯ್ಕೆಯು ಚೆಕ್‌ಸಮ್ (ಫೈಲ್‌ನ ವಿಷಯದಿಂದ ಲೆಕ್ಕಹಾಕಿದ ಗುರುತು) ತಾಳೆಯಾಗದ ಫೈಲ್‌ನ ಸಾಲಿನಲ್ಲಿ 5 ಎಂಬ ಅಂಕಿಯನ್ನು ತೋರಿಸುತ್ತದೆ; ಆ ಫೈಲ್‌ಗಳ ಪ್ಯಾಕೇಜ್‌ಗಳನ್ನೂ, ಮೊದಲೇ ಬರೆದಿಟ್ಟುಕೊಂಡ ಹೆಸರುಗಳಿಗೆ ಸೇರಿದವುಗಳನ್ನೂ ಮರುಸ್ಥಾಪಿಸಿದೆ. ಸೆಟ್ಟಿಂಗ್ ಫೈಲ್‌ಗಳನ್ನು ನಾವೇ ಬದಲಿಸಿದ್ದರೂ ಅದೇ ಗುರುತು ಬರುವುದರಿಂದ ಅವನ್ನು ಬೇರೆಯಾಗಿ ನೋಡಬೇಕಾಯಿತು. ಕೊನೆಗೆ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ, ಹೊರಬಂದು ಅನ್‌ಮೌಂಟ್ ಮಾಡಿ, ಟ್ಯೂನ್2ಎಫ್‌ಎಸ್‌ನ -ಜೆ ಆಯ್ಕೆಯಿಂದ ಜರ್ನಲ್ ಮರಳಿಸಿ, ಇನ್ನೊಮ್ಮೆ ಪೂರ್ಣ ತಪಾಸಣೆ ನಡೆಸಿದೆ.

ಈಗ ಯಂತ್ರ ಬೂಟ್ ಆಗುತ್ತಿದೆ. ಲಾಸ್ಟ್+ಫೌಂಡ್‌ನ ಕೆಲವು ಪಠ್ಯ ಫೈಲ್‌ಗಳ ಮೂಲ ಜಾಗ ಇನ್ನೂ ಪತ್ತೆಯಾಗಿಲ್ಲ, ಆದ್ದರಿಂದ ಇಮೇಜನ್ನು ಅಳಿಸಿಲ್ಲ. ವೇಗದ ಪ್ರಶ್ನೆಯನ್ನೂ ಕೈಬಿಟ್ಟಿಲ್ಲ: ಜರ್ನಲ್ ಇಟ್ಟುಕೊಂಡೇ, ಬದಲಾವಣೆಗಳನ್ನು ಡಿಸ್ಕ್‌ಗೆ ಖಾಯಂ ಮಾಡುವ ನಡುವಿನ ಕಮಿಟ್ ಅವಧಿಯನ್ನು ಮಾಮೂಲಿನ 5 ಸೆಕೆಂಡ್‌ನಿಂದ 30ಕ್ಕೆ ಏರಿಸಿ ನೋಡುವುದು ಮುಂದಿನ ಹೆಜ್ಜೆ. ಹೀಗೆ ಮಾಡಿದರೆ ವಿದ್ಯುತ್ ಹೋದಾಗ ಇತ್ತೀಚಿನ ಅರ್ಧ ನಿಮಿಷದಷ್ಟು ಕೆಲಸ ಕಳೆದುಹೋಗಬಹುದು, ಆದರೆ ರಚನೆ ಸುಸಂಗತವಾಗಿಯೇ ಉಳಿಯಬೇಕು. ಇದನ್ನು ಈ ಬಾರಿ ವರ್ಚುವಲ್ ಮಷೀನ್‌ನಲ್ಲಿ, ಅಪ್‌ಗ್ರೇಡ್ ನಡುವೆ ಬೇಕೆಂದೇ ಅದನ್ನು ಆರಿಸಿ ಪರೀಕ್ಷಿಸಲಿದ್ದೇನೆ.