ಡಾಬಸ್‌ಪೇಟೆಯಲ್ಲಿ ಸಮುದ್ರ ಮಟ್ಟದ ಗಾಳಿ

ಗ್ಯಾಸ್ ಬಿಲ್ ವಿಷಯದಲ್ಲಿ ಜಗಳ ಎದ್ದರೆ ಮೊದಲು ಬೈಸಿಕೊಳ್ಳುವುದು ಫ್ಲೋ ಕಂಪ್ಯೂಟರ್, ಅಂದರೆ ಮೀಟರಿನ ಅಳತೆಯನ್ನು ಬಿಲ್ಲಿನ ಲೆಕ್ಕಕ್ಕೆ ತಿರುಗಿಸುವ ಯಂತ್ರ. ಡಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲೂ ಹಾಗೇ ಆಗಿತ್ತು. ಗ್ಯಾಸ್ ಕೊಡುವವರ ಮೀಟರ್ ಒಂದು ಲೆಕ್ಕ ಹೇಳುತ್ತಿತ್ತು. ಕಾರ್ಖಾನೆಯವರು ತಮ್ಮ ಸಮಾಧಾನಕ್ಕೆ ಹಾಕಿಕೊಂಡಿದ್ದ ಚೆಕ್ ಮೀಟರ್ ಇನ್ನೊಂದು. ವ್ಯತ್ಯಾಸ ಶೇ. 2ರಷ್ಟು. ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ ಬಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಪ್ರತಿ ಸಲವೂ ಕೊಡುವವರದ್ದೇ ಜಾಸ್ತಿ. ಕೊನೆಗೆ ಎರಡೂ ಕಡೆಯವರು ಒಪ್ಪಿ, ಕ್ಯಾಲಿಬ್ರೇಶನ್, ಅಂದರೆ ಅಳತೆಯ ಉಪಕರಣ ಸರಿಯಿದೆಯೇ ಅಂತ ಪರೀಕ್ಷೆ ಮಾಡುವ ನಮ್ಮನ್ನು ಕರೆಸಿದರು.

ಮೀಟರಿಂಗ್ ಸ್ಕಿಡ್ (ಮೀಟರ್ ಮತ್ತು ಅದರ ಜೊತೆಯ ಉಪಕರಣಗಳನ್ನು ಒಂದೇ ಚೌಕಟ್ಟಿನ ಮೇಲೆ ಜೋಡಿಸಿದ್ದು) ಇದ್ದದ್ದು ಬಾಯ್ಲರ್ ಹೌಸ್ ಹಿಂದೆ, ತಂತಿ ಬೇಲಿಯೊಳಗೆ. ಅಲ್ಲಿಂದ ಶಿವಗಂಗೆ ಬೆಟ್ಟ ಚೆನ್ನಾಗಿ ಕಾಣುತ್ತಿತ್ತು, ಫೋಟೋ ತೆಗೆಯೋಣವೆಂದರೆ ಫೋನ್ ಹೊರಗೇ ಇಡಬೇಕು. ಫಿಲ್ಟರ್, ರೆಗ್ಯುಲೇಟರ್, ಆಮೇಲೆ ಟರ್ಬೈನ್ ಮೀಟರ್. ಟರ್ಬೈನ್ ತಿರುಗಿದಂತೆಲ್ಲ ಪಲ್ಸ್ ಬರುತ್ತದೆ, ಪಲ್ಸ್ ಎಣಿಸಿದರೆ ಪೈಪಿನಲ್ಲಿ ಹೋದ ಗ್ಯಾಸಿನ ಗಾತ್ರ ಸಿಗುತ್ತದೆ. ಆದರೆ ಅದಕ್ಕೇ ಬಿಲ್ ಹಾಕುವಂತಿಲ್ಲ. ಒತ್ತಡ ಏರಿದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಗ್ಯಾಸ್ ಹಿಡಿಯುತ್ತದೆ, ಬಿಸಿಯಾದರೆ ಕಡಿಮೆ. ಫ್ಲೋ ಕಂಪ್ಯೂಟರ್ ಒತ್ತಡವನ್ನೂ ಉಷ್ಣತೆಯನ್ನೂ ಓದುತ್ತಾ, ಇದೇ ಗ್ಯಾಸ್ 15 ಡಿಗ್ರಿ ಸೆಲ್ಸಿಯಸ್, 1.01325 ಬಾರ್ ಒತ್ತಡದಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕುತ್ತದೆ. ಅದೇ ಸ್ಟ್ಯಾಂಡರ್ಡ್ ಘನ ಮೀಟರ್. ದುಡ್ಡು ಕಟ್ಟುವುದು ಅದಕ್ಕೆ.

ಉಷ್ಣತೆಯ ಸೆನ್ಸರ್ ಬಿಚ್ಚಿ ನೋಡಿದೆವು, ಸರಿಯಿತ್ತು. ಒತ್ತಡ ಅಳೆದು ಕಳಿಸುವ ಪ್ರೆಶರ್ ಟ್ರಾನ್ಸ್‌ಮಿಟರಿಗೆ ನಮ್ಮ ಕ್ಯಾಲಿಬ್ರೇಟರ್ ಕಟ್ಟಿ ಸೊನ್ನೆಯಿಂದ ಮೇಲಕ್ಕೆ, ಮೇಲಿನಿಂದ ಸೊನ್ನೆಗೆ ಏರಿಸಿ ಇಳಿಸಿದೆವು. ಅದೂ ಸರಿ. ಪಲ್ಸ್ ಎಣಿಕೆಯಲ್ಲೂ ಏನೂ ಸಿಗಲಿಲ್ಲ. ಗ್ಯಾಸ್ ಕಂಪನಿಯ ಹುಡುಗ, "ನೋಡಿ ಸಾರ್, ನಮ್ಮದರಲ್ಲಿ ತಪ್ಪಿಲ್ಲ" ಅಂತ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದ.

ಆಮೇಲೆ ಎರಡೂ ಫ್ಲೋ ಕಂಪ್ಯೂಟರಿನ ಸೆಟ್ಟಿಂಗ್ ಪಟ್ಟಿ ಪ್ರಿಂಟ್ ತೆಗೆಸಿ, ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆವು. ಕಾರ್ಖಾನೆಯ ಚೆಕ್ ಮೀಟರಿನಲ್ಲಿದ್ದದ್ದು ಆ್ಯಬ್ಸೊಲ್ಯೂಟ್ ಟ್ರಾನ್ಸ್‌ಮಿಟರ್, ಒಟ್ಟು ಒತ್ತಡವನ್ನೇ ಅಳೆಯುತ್ತದೆ. ಕಂಪನಿಯದ್ದು ಗೇಜ್ ಟ್ರಾನ್ಸ್‌ಮಿಟರ್. ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನುವುದನ್ನಷ್ಟೇ ಅದು ಹೇಳುತ್ತದೆ, ಗಾಳಿಯ ಒತ್ತಡವನ್ನು ನಾವೇ ಅಂಕಿಯಾಗಿ ತುಂಬಬೇಕು. ತುಂಬಿದ್ದು 1.01325. ಬೇಸ್ ಪ್ರೆಶರ್, ಅಂದರೆ ಸ್ಟ್ಯಾಂಡರ್ಡ್ ಘನ ಮೀಟರಿನ ಲೆಕ್ಕಕ್ಕೆ ಹಿಡಿಯುವ ಒತ್ತಡದ ಜಾಗದಲ್ಲೂ ಅದೇ ಅಂಕಿ. ಅಲ್ಲಿ ಅದು ಸರಿ, ಇಲ್ಲಿ ಅಲ್ಲ. 1.01325 ಸಮುದ್ರ ಮಟ್ಟದ ಗಾಳಿ. ಡಾಬಸ್‌ಪೇಟೆ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮ ಬ್ಯಾರೋಮೀಟರ್ 0.912 ಬಾರ್ ತೋರಿಸುತ್ತಿತ್ತು. ಸ್ಕಿಡ್ ಜೋಡಿಸಿ ಸೆಟ್ಟಿಂಗ್ ಮಾಡಿದ್ದು ಕರಾವಳಿಯ ಊರಲ್ಲಂತೆ. ಅಲ್ಲಿ ಆ ಅಂಕಿ ಚೆನ್ನಾಗೇ ಹೊಂದುತ್ತಿತ್ತು.

ಲೈನಿನಲ್ಲಿ 4 ಬಾರ್ ಗೇಜ್. ನಿಜವಾದ ಒಟ್ಟು ಒತ್ತಡ 4.91, ಯಂತ್ರ ನಂಬಿದ್ದು 5.01. ಹಾಳೆಯ ಹಿಂದೆ ಗುಣಿಸಿ ತೋರಿಸಿದೆ. ಗ್ಯಾಸ್ 30 ಡಿಗ್ರಿಯಲ್ಲಿದ್ದಾಗ ಮೀಟರ್ 100 ಘನ ಮೀಟರ್ ತೋರಿಸಿದರೆ, ಬಿಲ್ಲಿಗೆ ಸುಮಾರು 461 ಬರಬೇಕು. ಬರುತ್ತಿದ್ದದ್ದು 470. ನಮ್ಮ ಮೇಲಿನ ಗಾಳಿ ತೆಳ್ಳಗೆ, ಅದಕ್ಕೇ ಇಲ್ಲಿ ನೀರು 97 ಡಿಗ್ರಿಗೇ ಕುದಿಯುವುದು ಅಂದೆ. ಬೆನ್ನ ಹಿಂದೆ ನಿಂತು ಕೇಳುತ್ತಿದ್ದ ಹಳೇ ಬಾಯ್ಲರ್ ಆಪರೇಟರ್ ಕೇಳಿಯೇಬಿಟ್ಟರು: "ಅಂದ್ರೆ ಸಾರ್, ಇಲ್ಲದ ಗಾಳಿಗೂ ದುಡ್ಡು ಕಟ್ಟುಸ್ಕೊಂಡ್ರಾ?"

ಲೆಕ್ಕದಲ್ಲಿ ಹೌದು. ಮ್ಯಾನೇಜರ್ ಮಾತ್ರ ನಗಲಿಲ್ಲ.

ಅಂಕಿ ಬದಲಿಸುವುದು ನಾಲ್ಕು ಗುಂಡಿ ಒತ್ತುವ ಕೆಲಸ, ಅದರ ಸುತ್ತಲಿನ ಶಾಸ್ತ್ರವೇ ದೊಡ್ಡದು. ಎರಡೂ ಕಡೆಯವರ ಎದುರಿಗೆ ಸೀಲ್ ಕತ್ತರಿಸಬೇಕು, ಪಾಸ್‌ವರ್ಡ್ ಹಾಕಬೇಕು, ಹೊಸ ಸೀಲಿನ ನಂಬರ್ ಬರೆದು ಎಲ್ಲರೂ ಸಹಿ ಮಾಡಬೇಕು. ಹಳೇ ಅಂಕಿ, ಹೊಸ ಅಂಕಿ, ಬದಲಾದ ಹೊತ್ತು ಮೂರನ್ನೂ ಯಂತ್ರ ತನ್ನ ಲಾಗ್‌ನಲ್ಲಿ ಬರೆದಿಟ್ಟುಕೊಂಡಿತು. ಮೊದಲ ಅಂಕಿ ಯಾವತ್ತು ತುಂಬಿದ್ದು ಅನ್ನುವುದೂ ಅದರಲ್ಲೇ ಇತ್ತು. ಮ್ಯಾನೇಜರ್ ಆ ಪುಟದ ಪ್ರತಿ ಕೇಳಿ ಪಡೆದುಕೊಂಡರು. ಹಳೇ ಬಿಲ್ಲುಗಳ ಮಾತು ಇನ್ನು ಅಕೌಂಟ್ಸ್‌ನವರದ್ದು.

ಹೊರಡುವಾಗ ಕಂಪನಿಯ ಹುಡುಗ ಮೆಲ್ಲಗೆ ಕೇಳಿದ: "ಕಡಿಮೆ ಒತ್ತಡದ ಗಿರಾಕಿಗಳಿದ್ರೆ ಸಾರ್?" 1.5 ಬಾರ್ ಗೇಜಿನಲ್ಲಿ ಇದೇ ತಪ್ಪು ಶೇ. 4 ದಾಟುತ್ತದೆ ಅಂದೆ. ಅವನು ಬೇಲಿ ದಾಟಿ ಫೋನ್ ತೆಗೆದುಕೊಂಡು, ಅದೇ ಕಡೆಯಿಂದ ಬಂದ ಸ್ಕಿಡ್‌ಗಳನ್ನು ಎಲ್ಲೆಲ್ಲಿ ಹಾಕಿದ್ದೇವೆ ಅಂತ ಆಫೀಸಿನವರ ಹತ್ತಿರ ಪಟ್ಟಿ ಕೇಳತೊಡಗಿದ.