ಎಡಗಡೆ ನಿಂತಿದ್ದ ಹಿರಿಯರು

ನಾನು ಸಿನಿಮಾಗಳನ್ನು ಡಿವಿಡಿಗೆ ಇಳಿಸುವ ಕೆಲಸದಲ್ಲಿದ್ದಾಗ ಬಹಳಷ್ಟು ಮನೆಗಳಲ್ಲಿ 4:3 ಟಿವಿಗಳೇ ಇದ್ದವು, ಅಂದರೆ ಅಗಲ 4 ಪಾಲು, ಎತ್ತರ 3 ಪಾಲು. 2.35:1 ಅಳತೆಯ ಅಗಲ ಚಿತ್ರವನ್ನು ಅದಕ್ಕೆ ಕೂರಿಸಬೇಕು. ಒಂದೋ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ತೋರಿಸಬೇಕು, ಇಲ್ಲಾ ಪಕ್ಕಗಳನ್ನು ಕತ್ತರಿಸಿ ಪರದೆ ತುಂಬಿಸಬೇಕು. ಈ ಕತ್ತರಿಸೋದಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಅಂತಾರೆ. ಸುಮಾರು 43 ಶೇಕಡ ಚಿತ್ರ ಹೋಗುತ್ತೆ. ಏನು ಹೋಗಬೇಕು ಅಂತ ಎಷ್ಟೋ ಸಲ ನಿರ್ದೇಶಕರನ್ನು ಯಾರೂ ಕೇಳುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಕೂತ ನನ್ನಂಥವನೇ ತೀರ್ಮಾನ ಮಾಡುತ್ತಿದ್ದ.

ಅಂಥ ಒಂದು ರಾತ್ರಿ ಒಂದು ಶಾಟ್ ಬಂತು. ಜನ ಪ್ರಾರ್ಥನೆಗೆ ಕೂತಿದ್ದಾರೆ, ಬಲಗಡೆಯಿಂದ ವರದಿಗಾರನೊಬ್ಬ ಶೂ ಹಾಕಿಕೊಂಡೇ ಕ್ಯಾಮೆರಾ ಹಿಡಿದು ಒಳಗೆ ಬರುತ್ತಾನೆ. ಹೀರೋ ಅವನೇ, ಹಾಗಾಗಿ ಬಲಭಾಗ ಉಳಿಸಿಕೊಂಡು ಮುಂದಕ್ಕೆ ಹೋದೆ. ಅರ್ಧ ನಿಮಿಷವೂ ಯೋಚಿಸಲಿಲ್ಲ.

ಮರುದಿನ ಡಿವಿಡಿಯ ಮಾಸ್ಟರ್ ಪ್ರತಿ ಚೆಕ್ ಮಾಡಿದವರು ತಕರಾರು ತೆಗೆದರು. ಇದು ಭಕ್ತರಿಗೆ ಅವಮಾನ, ಶಾಟನ್ನೇ ತೆಗೆಯಿರಿ ಅಂತ ಒಬ್ಬರು. ವರದಿಗಾರ ಹಾಗೇ ಇರೋದು, ಪತ್ರಿಕಾ ಸ್ವಾತಂತ್ರ್ಯ, ಮುಟ್ಟಬೇಡಿ ಅಂತ ಇನ್ನೊಬ್ಬರು. ಒಂದು ಗಂಟೆ ಜಗಳ. ನಾನೂ ಜೋರಾಗಿಯೇ ಸೇರಿಕೊಂಡೆ, ಸ್ವಾತಂತ್ರ್ಯದ ಕಡೆಯಿಂದ. ಕೊನೆಗೆ ನಮ್ಮ ಸೀನಿಯರ್ ಮಾತಾಡದೆ ಮೂಲ ಚಿತ್ರವನ್ನು ಪಕ್ಕದ ಮಾನಿಟರ್‌ನಲ್ಲಿ ಹಾಕಿದರು. ಎಡತುದಿಯಲ್ಲಿ ಹಿರಿಯರೊಬ್ಬರು ನಿಂತು, ಪರವಾಗಿಲ್ಲ ಹಾಗೇ ಬಾ ಅನ್ನೋ ಹಾಗೆ ಕೈ ಬೀಸಿ ಕರೆಯುತ್ತಿದ್ದಾರೆ! ಆ ಕೈಯನ್ನು ಕತ್ತರಿಸಿದ್ದು ನಾನು.

ಅದು 2006ರ ಶುರು. ಟೀ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಡೆನ್ಮಾರ್ಕಿನ ವಿಷಯವೇ. ಯುಲ್ಲಾಂಡ್ಸ್-ಪೋಸ್ಟೆನ್ ಪತ್ರಿಕೆ 2005ರ ಸೆಪ್ಟೆಂಬರ್ 30ರಂದು ಪ್ರವಾದಿಯ ಬಗ್ಗೆ 12 ವ್ಯಂಗ್ಯಚಿತ್ರ ಹಾಕಿತ್ತು. ಅವುಗಳಿಂದ ಜನಕ್ಕೆ ನಿಜವಾಗಿಯೂ ನೋವಾಗಿತ್ತು, ಅದನ್ನು ಸುಳ್ಳು ಅನ್ನೋಕಾಗಲ್ಲ. ಆದರೆ ಡೆನ್ಮಾರ್ಕಿನ ಕೆಲವು ಇಮಾಮರು ಮಧ್ಯಪ್ರಾಚ್ಯಕ್ಕೆ ಒಯ್ದ ಕಡತದಲ್ಲಿ ಪತ್ರಿಕೆ ಹಾಕಿರದ ಮೂರು ಚಿತ್ರಗಳೂ ಇದ್ದವು. ಅದರಲ್ಲಿ ಒಂದು ಫ್ರಾನ್ಸಿನ ಹಂದಿ ಕೂಗುವ ಸ್ಪರ್ಧೆಯಲ್ಲಿ ಹಂದಿ ಮೂತಿ ಹಾಕಿಕೊಂಡವನ ಫೋಟೊ. ಧರ್ಮಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸುತ್ತಲಿನ ಸ್ಪರ್ಧೆಯನ್ನು ಬಿಟ್ಟು ಮುಖವೊಂದನ್ನೇ ಕೊಟ್ಟರೆ ಅರ್ಥವೇ ಬೇರೆ ಆಗುತ್ತೆ, ನನ್ನ ಶೂ ಶಾಟ್ ಆದ ಹಾಗೆ.

ಹಾಗಾದರೆ ಎಲ್ಲಾ ತೋರಿಸಿಬಿಡೋದೇ ಸರಿನಾ? ಅಲ್ಲ ಅಂತಲೂ ಈ ಕೆಲಸವೇ ಕಲಿಸಿತು. 1.85:1ಕ್ಕೆ ಅಂತ ತೆಗೆದ ಎಷ್ಟೋ ಸಿನಿಮಾಗಳಲ್ಲಿ ಫಿಲ್ಮಿನಲ್ಲಿ ಮೇಲೂ ಕೆಳಗೂ ಇನ್ನಷ್ಟು ಚಿತ್ರ ಇರುತ್ತೆ, ಥಿಯೇಟರಿನಲ್ಲಿ ಅದನ್ನು ಮರೆ ಮಾಡುತ್ತಾರೆ. ಟಿವಿಗೆ ಅಂತ ಆ ಮರೆ ತೆಗೆದರೆ ಓಪನ್ ಮ್ಯಾಟ್. ಆಗ ಮೇಲಿನಿಂದ ಮೈಕ್ ಇಣುಕುತ್ತೆ, ದುಃಖದ ಸೀನ್ ಕಾಮಿಡಿ ಆಗುತ್ತೆ. ಅಲ್ಲಿ ಜಾಸ್ತಿ ಕಂಡರೂ ನಿರ್ದೇಶಕ ತೋರಿಸಬೇಕು ಅಂದುಕೊಂಡಿದ್ದು ಅದಲ್ಲ.

ಅದಕ್ಕೇ ವ್ಯಂಗ್ಯಚಿತ್ರಗಳನ್ನು ಮರುಮುದ್ರಿಸದೆ ಇದ್ದ ಪತ್ರಿಕೆಗಳನ್ನು ಹೇಡಿಗಳು ಅನ್ನೋಕೆ ನನಗೆ ಮನಸ್ಸು ಬರಲ್ಲ. ಸಂಪಾದಕ ತಾನೇ ಯೋಚಿಸಿ ಬಿಟ್ಟರೆ ಅದು ಅವನ ಫ್ರೇಮ್. ಸಿಎನ್ಎನ್ ಚಿತ್ರಗಳನ್ನು ಮಸುಕು ಮಾಡಿ ತೋರಿಸಿತು, ಯಾಕೆ ಅಂತಲೂ ಹೇಳಿತು. ಫ್ರಾನ್ಸ್ ಸ್ವಾರ್ ಪತ್ರಿಕೆಯಲ್ಲಿ ಮರುಮುದ್ರಿಸಿದ್ದಕ್ಕೆ ಮಾಲೀಕ ತನ್ನ ಸಂಪಾದಕನನ್ನೇ ಕೆಲಸದಿಂದ ತೆಗೆದ, ಅಲ್ಲಿ ಕತ್ತರಿ ಹಿಡಿದ ಕೈ ಬೇರೆ. ನನಗೆ ಮುಜುಗರ ಆಗೋದು ಎರಡನೆಯದರ ಬಗ್ಗೆ.

ಆ ಶಾಟನ್ನು ಕಪ್ಪು ಪಟ್ಟಿ ಇಟ್ಟು ಮತ್ತೆ ಮಾಡಿದೆವು. ಒಂದಕ್ಕೆ ಮಾತ್ರ ಇಟ್ಟರೆ ಚೆನ್ನಾಗಿರಲ್ಲ ಅಂತ ಇಡೀ ಸಿನಿಮಾಕ್ಕೇ ಇಟ್ಟೆವು, ಮೂರು ರಾತ್ರಿ ಹಿಡಿಯಿತು. ಸಿನಿಮಾ ಕೊಟ್ಟವರಿಂದ ಒಂದೇ ಒಂದು ದೂರು ಬಂತು: ಟಿವಿ ಯಾಕೆ ಅರ್ಧ ಖಾಲಿ ಇದೆ?