ಕಾಲು ತೋರಿಸು ಮಾರಾಯ

ಮಧ್ಯಾಹ್ನ ಊಟ ಮಾಡ್ತಾ ಫೋನಲ್ಲಿ ಸುಮ್ನೆ ಹಾಕ್ಕೊಂಡೆ, 1985ರ 'ವೈಟ್ ನೈಟ್ಸ್' ಸಿನಿಮಾದ ಆ ಒಂದು ಕುಣಿತ. ಅನ್ನ ಸಾರು ತಟ್ಟೆಯಲ್ಲೇ ಆರಿಹೋಯ್ತು.

ಕುಣಿಯೋನು ಬ್ಯಾಲೆ ನರ್ತಕ ಮಿಖಾಯಿಲ್ ಬರಿಷ್ನಿಕೋವ್. ಖಾಲಿ ರಂಗಮಂದಿರ. ರಾಜಕುಮಾರನ ವೇಷ ಇಲ್ಲ, ಹಂಸಗಳಿಲ್ಲ. ಟೇಪಲ್ಲಿ ರಷ್ಯನ್ ಹಾಡುಗಾರ ವೈಸೋಟ್ಸ್ಕಿಯ ಒರಟು ದನಿ. ನೋಡೋಕೆ ನಟಿ ಹೆಲೆನ್ ಮಿರೆನ್ ಒಬ್ಬಳೇ.

ಬ್ಯಾಲೆಯವರು ಮೈಭಾರವನ್ನ ಮುಚ್ಚಿಡ್ತಾರೆ, ಅದೇ ಅವರ ವಿದ್ಯೆ. ಇಲ್ಲಿ ಟ್ವೈಲಾ ಥಾರ್ಪ್ ಸಂಯೋಜನೆ. ನೆಟ್ಟಗಿನ ಬೆನ್ನು ಬಾಗುತ್ತೆ, ಮೈ ನೆಲದ ಕಡೆ ಎಳೆಯುತ್ತೆ. ಬಿದ್ದೇಬಿಟ್ಟ ಅಂದ್ಕೊಳ್ಳೋಷ್ಟರಲ್ಲಿ ಬುಗುರಿ ತರ ಸುತ್ತೋಕೆ ಶುರು! ಸೋವಿಯತ್ ದೇಶದ ಕಿರೋವ್ ಬ್ಯಾಲೆ ತಂಡದಲ್ಲಿ ಕಲಿತದ್ದನ್ನೆಲ್ಲ ಕಿತ್ತೆಸೆಯೋಕೆ ಕೂಡ ಆ ಕಲಿಕೆಯೇ ಬೇಕೇನೋ.

ಕಥೇಲಿ ಅವನು ಸೋವಿಯತ್ ದೇಶ ಬಿಟ್ಟು ಓಡಿಹೋಗಿದ್ದ ನರ್ತಕ. ನಿಜದಲ್ಲೂ ಹಾಗೇ, 1974ರಲ್ಲಿ ಕೆನಡಾ ಪ್ರವಾಸಕ್ಕೆ ಹೋದವನು ವಾಪಸ್ ಹೋಗಲೇ ಇಲ್ಲ. ನಟನೆ ಎಷ್ಟು, ಸ್ವಂತದ್ದೆಷ್ಟು ಅಂತ ಕೇಳೋದೇ ದಂಡ.

ಎಡಿಟರ್ ಮೇಲೆ ಮಾತ್ರ ಸಿಟ್ಟು ಬಂತು. ನಡುನಡುವೆ ಮಿರೆನ್ ಕಣ್ಣೀರಿಗೆ ಕಟ್ ಮಾಡ್ತಾನೆ. ಅಳೋ ಕೆಲಸ ನಾವೇ ನೋಡ್ಕೋತೀವಪ್ಪ, ನೀನು ಕಾಲು ತೋರಿಸು.